ಪುಡಿ ಯಂತ್ರಗಳ ಸುತ್ತ ಧೂಳು ಸ್ಫೋಟ: ಮುಂಚೆಯೇ ಕಾಣುವ ಲಕ್ಷಣಗಳು, ತಪಾಸಣೆಯ ಬಗೆ

ತಟ್ಟೆಯಲ್ಲಿ ಗುಡ್ಡೆ ಹಾಕಿದ ಹಿಟ್ಟಿಗೆ ಬೆಂಕಿಕಡ್ಡಿ ಹಿಡಿದರೆ ಮೇಲ್ಪದರ ಕರಕಲಾಗುತ್ತದೆ, ಅಷ್ಟೇ. ಒಳಗಿನ ಹಿಟ್ಟಿಗೆ ಗಾಳಿ ಸಿಗುವುದಿಲ್ಲ. ಅದೇ ಹಿಟ್ಟು ಗಾಳಿಯಲ್ಲಿ ಎದ್ದು ತೇಲುತ್ತಿದ್ದರೆ ಕಥೆಯೇ ಬೇರೆ. ಆಗ ಒಂದೊಂದು ಕಣದ ಸುತ್ತಲೂ ಗಾಳಿ ಇರುತ್ತದೆ. ಒಂದು ಕಿಡಿ ಸಾಕು, ಇಡೀ ಮೋಡ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಇದು ಮುಚ್ಚಿದ ಜಾಗದಲ್ಲಿ ಆದರೆ ಒತ್ತಡ 7ರಿಂದ 10 ಬಾರ್‌ವರೆಗೂ ಏರಬಹುದು (ಒಂದು ಬಾರ್ ಅಂದರೆ ಹೆಚ್ಚುಕಮ್ಮಿ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಧೂಳು ಹೀರಿ ಸಂಗ್ರಹಿಸುವ ಸಾಮಾನ್ಯ ತಗಡಿನ ಡಸ್ಟ್ ಕಲೆಕ್ಟರ್ ಒಂದು ಬಾರ್ ಒತ್ತಡವನ್ನೂ ತಾಳುವುದಿಲ್ಲ.

ಸ್ಫೋಟಕ್ಕೆ ಐದು ಸಂಗತಿ ಒಟ್ಟಿಗೆ ಸೇರಬೇಕು: ಉರಿಯುವ ಧೂಳು, ಗಾಳಿ, ಕಿಡಿ ಅಥವಾ ಬಿಸಿ, ಧೂಳು ಗಾಳಿಯಲ್ಲಿ ಎದ್ದಿರುವುದು, ಮತ್ತು ಮುಚ್ಚಿದ ಜಾಗ. ಬಕೆಟ್ ಎಲಿವೇಟರ್ (ಬೆಲ್ಟಿಗೆ ಕಟ್ಟಿದ ಬಕೆಟ್‌ಗಳಲ್ಲಿ ಪುಡಿ ಮೇಲೆತ್ತುವ ಯಂತ್ರ), ಸೈಲೋ (ಪುಡಿ ತುಂಬಿಡುವ ಎತ್ತರದ ಕಣಜ), ಬ್ಯಾಗ್ ಫಿಲ್ಟರ್ (ಬಟ್ಟೆಯ ಚೀಲಗಳಲ್ಲಿ ಧೂಳು ಸೋಸುವ ಡಸ್ಟ್ ಕಲೆಕ್ಟರ್) ಇವುಗಳ ಒಳಗೆ ಕಿಡಿ ಬಿಟ್ಟು ಉಳಿದ ನಾಲ್ಕು ದಿನಾಲೂ ಇರುತ್ತವೆ. ಹೊರಗೆ, ಶೆಡ್‌ನಲ್ಲಿ, ಕಿಡಿಗೆ ಬರವಿಲ್ಲ. ಅಲ್ಲಿ ಇರಬಾರದ್ದು ಧೂಳು. ಹಾಗಾಗಿ ಈ ಕೈಪಿಡಿಯಲ್ಲಿ ಹುಡುಕಾಟ ಎರಡೇ: ಯಂತ್ರದ ಒಳಗೆ ಬಿಸಿ ಎಲ್ಲಿ ಹುಟ್ಟುತ್ತಿದೆ, ಯಂತ್ರದ ಹೊರಗೆ ಧೂಳು ಎಲ್ಲಿಂದ ಬರುತ್ತಿದೆ.

ಈ ಎರಡನ್ನೂ ಯಾಕೆ ಒಟ್ಟಿಗೆ ನೋಡಬೇಕು? 2008ರ ಫೆಬ್ರವರಿ 7ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್‌ನಲ್ಲಿ ಒಂದು ಸಕ್ಕರೆ ಸಂಸ್ಕರಣಾ ಕಾರ್ಖಾನೆ ಸಿಡಿದು 14 ಜನ ಸತ್ತರು. ಮೊದಲ ಸ್ಫೋಟ ಆದದ್ದು ಸೈಲೋಗಳ ಕೆಳಗಿನ ಒಂದು ಬೆಲ್ಟ್ ಕನ್ವೇಯರ್‌ನಲ್ಲಿ. ಅದಕ್ಕೆ ಸ್ವಲ್ಪ ಕಾಲದ ಹಿಂದಷ್ಟೇ ತಗಡಿನ ಮುಚ್ಚಳ ಹಾಕಿದ್ದರು. ಬಿಸಿಯಾದ ಬೇರಿಂಗ್‌ನಿಂದ ಹೊತ್ತಿಕೊಂಡಿರಬೇಕು ಎಂಬುದು ತನಿಖೆಯವರ ಅಂದಾಜು. ಆದರೆ ಕಟ್ಟಡಗಳನ್ನು ಕೆಡವಿದ್ದು ಆ ಮೊದಲ ಸ್ಫೋಟ ಅಲ್ಲ. ಅದರ ಹೊಡೆತಕ್ಕೆ ನೆಲ, ತೊಲೆ, ಯಂತ್ರಗಳ ಮೇಲೆ ಕೂತಿದ್ದ ಸಕ್ಕರೆ ಧೂಳು ಎದ್ದಿತು, ಅದಕ್ಕೆ ಬೆಂಕಿ ತಗುಲಿತು, ಅದು ಮುಂದಿನ ಕೋಣೆಯ ಧೂಳನ್ನು ಎಬ್ಬಿಸಿತು. ಹೀಗೆ ಸರಣಿಯಾಗಿ ಹೋಯಿತು.

ಕೈ ಹಾಕುವ ಮುಂಚೆ

ಸುಟ್ಟ ವಾಸನೆ, ಹೊಗೆ, ಒಳಗಿಂದ "ಧಬ್" ಎಂಬ ಸದ್ದು, ಯಂತ್ರದ ಮೈಯಲ್ಲಿ ಒಂದೇ ಕಡೆ ಬಣ್ಣ ಸುಟ್ಟು ಉಬ್ಬಿರುವುದು. ಇವುಗಳಲ್ಲಿ ಒಂದು ಕಂಡರೂ ಸಾಕು, ತಪಾಸಣೆ ಬೇಡ. ಜನರನ್ನು ದೂರ ಕಳಿಸಿ, ಕೆಳಗೆ "ಸುಟ್ಟ ವಾಸನೆ" ಎಂಬ ಭಾಗ ನೋಡಿ.

ಗೇಜ್ ನೋಡುವುದು, ಸದ್ದು ಕೇಳುವುದು, ಹೊರಗೆ ನಿಂತು ಬಿಸಿ ಅಳೆಯುವುದು ಬಿಟ್ಟು, ಕೈ ಹಾಕಿ ಮಾಡುವ ಉಳಿದ ಎಲ್ಲ ತಪಾಸಣೆಗೂ ನಿಯಮ ಒಂದೇ. ಯಂತ್ರ ನಿಲ್ಲಿಸಿ, ಮೇನ್ ಸ್ವಿಚ್‌ಗೆ ಬೀಗ ಹಾಕಿ, ಕೀ ನಿಮ್ಮ ಜೇಬಲ್ಲಿರಲಿ. ಒಳಗೆ ಎದ್ದಿರುವ ಧೂಳು ಕೂರುವವರೆಗೆ ಕಾಯಿರಿ. ಮೊಬೈಲ್ ಟಾರ್ಚ್ ಬೇಡ, ಧೂಳಿನ ವಲಯಕ್ಕೆ ಒಪ್ಪಿಗೆ ಇರುವ ಟಾರ್ಚ್ ಇಟ್ಟುಕೊಳ್ಳಿ. "ಒಂದೇ ನಿಮಿಷದ ಕೆಲಸ" ಅಂತ ಓಡುತ್ತಿರುವ ಯಂತ್ರದ ಮುಚ್ಚಳ ಎತ್ತುವವರು ಪ್ರತಿ ಶಿಫ್ಟ್‌ನಲ್ಲೂ ಒಬ್ಬರಾದರೂ ಇರುತ್ತಾರೆ. ಅವರ ಮೇಲೆ ಒಂದು ಕಣ್ಣಿರಲಿ.

"ನಮ್ಮ ಪುಡಿ ಅಷ್ಟೆಲ್ಲ ಸಿಡಿಯುವಂಥದ್ದಲ್ಲ"

ಇದು ಯಂತ್ರದ ಲಕ್ಷಣ ಅಲ್ಲ, ಮನುಷ್ಯರ ಲಕ್ಷಣ. ಆದರೂ ಮೊದಲು ನೋಡಬೇಕಾದ್ದು ಇದೇ, ಖರ್ಚೂ ಇಲ್ಲ.

ಉಪ್ಪು, ಮರಳು, ಸಿಮೆಂಟ್, ಸುಣ್ಣದ ಕಲ್ಲಿನ ಪುಡಿ ಸಿಡಿಯುವುದಿಲ್ಲ. ಹಿಟ್ಟು, ಪಿಷ್ಟ, ಸಕ್ಕರೆ, ಹಾಲಿನ ಪುಡಿ, ಮರದ ಪುಡಿ, ಕಲ್ಲಿದ್ದಲು, ಗಂಧಕ, ಪ್ಲಾಸ್ಟಿಕ್ ಪುಡಿ, ಪೌಡರ್ ಕೋಟಿಂಗ್ ಬಣ್ಣ, ಹೆಚ್ಚಿನ ಔಷಧ ಪುಡಿಗಳು, ಅಲ್ಯೂಮಿನಿಯಂ, ಮೆಗ್ನೀಸಿಯಂ ಇವೆಲ್ಲ ಸಿಡಿಯುತ್ತವೆ. ಸಾಮಾನ್ಯ ಲೆಕ್ಕದಲ್ಲಿ 500 ಮೈಕ್ರಾನ್‌ಗಿಂತ ಸಣ್ಣ ಕಣ ಇದ್ದರೆ ಅನುಮಾನ ಇಟ್ಟುಕೊಳ್ಳಬೇಕು. ಇಲ್ಲೊಂದು ಮೋಸ ಇದೆ. ನೀವು ತರುವುದು ದಪ್ಪ ಹರಳೇ ಇರಬಹುದು. ಆದರೆ ಸಾಗಿಸುವಾಗ, ಬೀಳುವಾಗ, ಉಜ್ಜುವಾಗ ಅದು ನುಣ್ಣಗಾಗುತ್ತದೆ. ತೊಲೆಯ ಮೇಲೆ ಕೂರುವುದು ಆ ನುಣ್ಣನೆಯ ಭಾಗವೇ. ಹಾಗಾಗಿ ಪರೀಕ್ಷೆಗೆ ಕಳಿಸಬೇಕಾದ್ದು ಚೀಲದ ಪುಡಿಯಲ್ಲ, ಡಸ್ಟ್ ಕಲೆಕ್ಟರ್‌ನಲ್ಲಿ ಮತ್ತು ತೊಲೆಯ ಮೇಲೆ ಸಿಕ್ಕ ಪುಡಿ.

ಪ್ರಯೋಗಾಲಯದಿಂದ ನಾಲ್ಕು ಉತ್ತರ ಬೇಕು. ಎಷ್ಟು ಸಣ್ಣ ಕಿಡಿಗೆ ಹೊತ್ತಿಕೊಳ್ಳುತ್ತದೆ, ಪದರವಾಗಿ ಕೂತಾಗ ಎಷ್ಟು ಬಿಸಿಗೆ ಹೊತ್ತಿಕೊಳ್ಳುತ್ತದೆ, ಮೋಡವಾಗಿ ಎದ್ದಾಗ ಎಷ್ಟಕ್ಕೆ, ಮತ್ತು ಸಿಡಿದರೆ ಎಷ್ಟು ಜೋರು. ಈ ಜೋರನ್ನು ಕೆಎಸ್‌ಟಿ ಎಂಬ ಅಂಕಿಯಲ್ಲಿ ಹೇಳುತ್ತಾರೆ. 200ರವರೆಗೆ ಎಸ್‌ಟಿ 1, 300ರವರೆಗೆ ಎಸ್‌ಟಿ 2, ಅದರ ಮೇಲೆ ಎಸ್‌ಟಿ 3. ಎಸ್‌ಟಿ 1 ಅಂದರೆ ಹೆದರಬೇಕಿಲ್ಲ ಅಂತ ಅರ್ಥ ಮಾಡಿಕೊಳ್ಳುವವರಿದ್ದಾರೆ. ಸಕ್ಕರೆ ಸಾಮಾನ್ಯವಾಗಿ ಎಸ್‌ಟಿ 1ರಲ್ಲೇ ಬರುತ್ತದೆ.

ಲಕ್ಷಣ: ತೊಲೆ, ಕೇಬಲ್ ಟ್ರೇ, ಪೈಪುಗಳ ಮೇಲೆ ಧೂಳು ಕೂರುತ್ತಿದೆ

ಸಂಜೆ ಗುಡಿಸಿದ ಜಾಗ ಬೆಳಿಗ್ಗೆ ಬಂದು ನೋಡಿದರೆ ಮತ್ತೆ ಬೆಳ್ಳಗೆ. ಬೆರಳಲ್ಲಿ ಗೀರಿದರೆ ಗೆರೆ ಮೂಡುತ್ತದೆ. ಕೆಳಗಿನ ಬಣ್ಣ ಯಾವುದು ಅಂತಲೇ ಗೊತ್ತಾಗುವುದಿಲ್ಲ. ಎಲ್ಲರೂ ನೋಡುವ, ಯಾರೂ ದೂರು ಬರೆಯದ ಲಕ್ಷಣ ಇದು.

ಎಷ್ಟು ಧೂಳು ಅಪಾಯ? ಒಂದು ಸುಲಭ ಲೆಕ್ಕ ಮಾಡೋಣ. ನೆಲದ ಮೇಲೆ ಒಂದೇ ಮಿಲಿಮೀಟರ್ ಧೂಳು ಇದೆ ಅಂದುಕೊಳ್ಳಿ. ಒಂದು ಘನ ಮೀಟರ್‌ಗೆ 500 ಕಿಲೋ ತೂಗುವ ಪುಡಿಯಾದರೆ ಪ್ರತಿ ಚದರ ಮೀಟರ್ ಮೇಲೆ ಅರ್ಧ ಕಿಲೋ ಬಿದ್ದಿರುತ್ತದೆ. ಕೋಣೆಯ ಎತ್ತರ 5 ಮೀಟರ್. ಆ ಧೂಳು ಪೂರ್ತಿ ಎದ್ದು ಸಮನಾಗಿ ಹರಡಿದರೆ ಘನ ಮೀಟರ್‌ಗೆ 100 ಗ್ರಾಂ ಆಯಿತು. ಬಹಳಷ್ಟು ಸಾವಯವ ಧೂಳುಗಳು 30ರಿಂದ 60 ಗ್ರಾಂ ಇದ್ದರೇ ಸಿಡಿಯುತ್ತವೆ. ಅಂದರೆ ಒಂದು ಮಿಲಿಮೀಟರ್ ಧೂಳು ಇಡೀ ಕೋಣೆಗೆ ಸಾಕು, ಅದರಲ್ಲಿ ಅರ್ಧ ಎದ್ದರೂ ಸಾಕು.

ಇನ್ನೊಂದು ಕಡೆ, ಶೆಡ್‌ನಲ್ಲಿ ಕಾಣುವ ತೆಳು ಮಬ್ಬು ತಾನಾಗಿ ಸಿಡಿಯುವುದಿಲ್ಲ. ಘನ ಮೀಟರ್‌ಗೆ 40 ಗ್ರಾಂ ಧೂಳು ಎದ್ದರೆ ಎರಡು ಮೀಟರ್ ಆಚೆ ಉರಿಯುವ 25 ವ್ಯಾಟ್ ಬಲ್ಬು ಕೂಡ ಕಾಣುವುದು ಕಷ್ಟ. ಅಷ್ಟು ದಟ್ಟ ಗಾಳಿಯಲ್ಲಿ ಯಾರೂ ನಿಂತು ಕೆಲಸ ಮಾಡಲಾರರು. ಹಾಗಾದರೆ ಮಬ್ಬಿಗೆ ಹೆದರಬೇಕೇ? ಹೆದರಬೇಕು, ಯಾಕೆಂದರೆ ಇಂದಿನ ಮಬ್ಬೇ ನಾಳೆ ತೊಲೆಯ ಮೇಲಿನ ಪದರ.

ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ ಮಾನದಂಡಗಳಲ್ಲಿ ಬಹುಕಾಲ ಬಳಸಿದ ಅಳತೆ 0.8 ಮಿಲಿಮೀಟರ್. ಕಾಗದಕ್ಕೆ ಹಾಕುವ ಕ್ಲಿಪ್ಪಿನ ತಂತಿ ಹೆಚ್ಚುಕಮ್ಮಿ ಅಷ್ಟೇ ದಪ್ಪ. ನೆಲದ ವಿಸ್ತೀರ್ಣದ ಶೇಕಡ 5ಕ್ಕಿಂತ ಜಾಸ್ತಿ ಜಾಗದಲ್ಲಿ ಇಷ್ಟು ದಪ್ಪ ಧೂಳಿದ್ದರೆ ಕೂಡಲೇ ತೆಗೆಯಬೇಕು. ಹಗುರ ಪುಡಿಗೆ ಈ ಮಿತಿ ಸ್ವಲ್ಪ ಸಡಿಲ, ನಿಜ. ಆದರೂ ಜೇಬಲ್ಲಿ ಒಂದು ಕ್ಲಿಪ್ ಇಟ್ಟುಕೊಂಡು ಸುತ್ತು ಹಾಕುವುದು ನನಗೆ ಗೊತ್ತಿರುವ ಅತಿ ಅಗ್ಗದ ತಪಾಸಣೆ.

ಈಗ ಮೂಲ ಹುಡುಕಿ. ಧೂಳು ಗಾಳಿಯಲ್ಲಿ ಅಲೆದು ಬಂದು ಕೂತಿದ್ದರೆ ಎಲ್ಲ ಕಡೆ ಸಮನಾಗಿ ನುಣ್ಣಗಿರುತ್ತದೆ. ಸೋರಿಕೆಯ ಹತ್ತಿರವಾದರೆ ಬಾಲದ ಹಾಗೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ದಪ್ಪ ಇರುವ ಕಡೆ ಹಿಡಿದು ಹಿಂದಕ್ಕೆ ಹೋಗಿ. ಹೆಚ್ಚಾಗಿ ಸಿಗುವ ಕಳ್ಳರು ಇವರೇ: ಹಾಪರ್ (ಪುಡಿ ಇಳಿಯುವ ಲಾಳಿಕೆಯಂಥ ತೊಟ್ಟಿ) ಮುಚ್ಚಳದ ಸವೆದ ಗ್ಯಾಸ್ಕೆಟ್, ಜರಡಿ ಯಂತ್ರದ ಕೆಳಗಿನ ಬಟ್ಟೆಯ ಸ್ಲೀವ್ ಹರಿದಿರುವುದು, ಸ್ಕ್ರೂ ಕನ್ವೇಯರ್ ಶಾಫ್ಟಿನ ಸೀಲ್, ಚೀಲ ತುಂಬುವ ಬಾಯಿ, ಅರ್ಧ ಬೋಲ್ಟ್ ಮಾತ್ರ ಹಾಕಿದ ತಪಾಸಣೆ ಬಾಗಿಲು. ಒಂದು ಜಾಗ ಒರೆಸಿ, ಚಾಕ್‌ನಲ್ಲಿ ದಿನಾಂಕ ಬರೆದು, ಎಂಟು ಗಂಟೆ ಬಿಟ್ಟು ನೋಡಿ. ಎಷ್ಟು ಬೇಗ ಕೂರುತ್ತದೆ ಅನ್ನುವುದು ಸೋರಿಕೆ ಎಷ್ಟು ದೊಡ್ಡದು ಅಂತ ಹೇಳುತ್ತದೆ.

ಸೋರಿಕೆ ಮುಚ್ಚದೆ ಬರೀ ಗುಡಿಸುವವರನ್ನು ಹೆಚ್ಚಿಸಿದರೆ ಪ್ರಯೋಜನವಿಲ್ಲ. ನಲ್ಲಿ ತೆರೆದಿಟ್ಟು ನೆಲ ಒರೆಸಿದ ಹಾಗೆ.

ತೆಗೆಯುವುದು ಹೇಗೆ? ಕಂಪ್ರೆಸರ್ ಗಾಳಿ ಹೊಡೆದು ಬೀಳಿಸುವುದು ಎಲ್ಲ ಕಡೆ ನಡೆಯುತ್ತದೆ, ಎಲ್ಲ ಕಡೆ ತಪ್ಪು. ಕೂತಿದ್ದ ಧೂಳನ್ನು ನಾವೇ ಮೋಡ ಮಾಡಿದಂತಾಯಿತು, ಅಲ್ವಾ? 2003ರ ಫೆಬ್ರವರಿ 20ರಂದು ಅಮೆರಿಕದ ಕೆಂಟಕಿ ರಾಜ್ಯದ ಕಾರ್ಬಿನ್‌ನಲ್ಲಿ ಹೀಗೇ ಆಯಿತು. ಶುಚಿ ಮಾಡುವಾಗ ಎದ್ದ ರಾಳದ ಧೂಳಿಗೆ, ಬಾಗಿಲು ತೆರೆದಿದ್ದ ಓವನ್ನಿನ ಬೆಂಕಿ ತಗುಲಿ 7 ಜನ ಸತ್ತರು. ಧೂಳಿನ ವಲಯಕ್ಕೆಂದೇ ಮಾಡಿದ ವ್ಯಾಕ್ಯೂಮ್ ಬಳಸಿ. ಮನೆಯಲ್ಲಿ ಬಳಸುವಂಥದ್ದು ಬೇಡ, ಅದರ ಮೋಟಾರಿನ ಬ್ರಷ್ ಕಿಡಿ ಹಾರಿಸುತ್ತಲೇ ಇರುತ್ತದೆ. ವ್ಯಾಕ್ಯೂಮ್ ಇಲ್ಲದಿದ್ದರೆ ಮೆತ್ತನೆ ಬ್ರಷ್, ನಿಧಾನ ಕೈ.

ಫಾಲ್ಸ್ ಸೀಲಿಂಗ್ ಇದ್ದರೆ ಒಂದು ಹಲಗೆ ಸರಿಸಿ ಮೇಲೆ ನೋಡಿ. 2003ರ ಜನವರಿ 29ರಂದು ನಾರ್ತ್ ಕ್ಯಾರೊಲೈನಾದ ಕಿನ್ಸ್‌ಟನ್‌ನಲ್ಲಿ 6 ಜನರನ್ನು ಬಲಿ ತೆಗೆದುಕೊಂಡ ಪಾಲಿಥಿಲೀನ್ ಪುಡಿ ಕೂತಿದ್ದು ಅಲ್ಲೇ. ಕೆಳಗೆ ಕೆಲಸದ ಜಾಗ ಚೊಕ್ಕಟವಾಗಿತ್ತು.

ಲಕ್ಷಣ: ಹುಡ್ ಧೂಳು ಎಳೆಯುತ್ತಿಲ್ಲ, ಬಾಯಿಂದ ವಾಪಸ್ ಬರುತ್ತಿದೆ

ಹುಡ್ ಅಂದರೆ ಧೂಳು ಏಳುವ ಕಡೆ ಅದನ್ನು ಹೀರಿ ಡಕ್ಟ್ ಎಂಬ ಗಾಳಿ ಕೊಳವೆಗೆ ಕಳಿಸುವ ಬಾಯಿ. ಮೊದಲು ಡಸ್ಟ್ ಕಲೆಕ್ಟರ್ ಮೇಲಿನ ಡಿಪಿ ಗೇಜ್ ನೋಡಿ. ಬ್ಯಾಗ್‌ಗಳ ಎರಡು ಬದಿಯ ಒತ್ತಡದ ವ್ಯತ್ಯಾಸವನ್ನು ಅದು ತೋರಿಸುತ್ತದೆ. ಹೆಚ್ಚಿನ ಬ್ಯಾಗ್ ಫಿಲ್ಟರ್‌ಗಳು 75ರಿಂದ 150 ಮಿಲಿಮೀಟರ್ ನೀರಿನ ಮಟ್ಟದ ನಡುವೆ ಓಡುತ್ತವೆ. ನಿಮ್ಮ ಯಂತ್ರ ಹೊಸದಿದ್ದಾಗ ಎಷ್ಟಿತ್ತು ಅನ್ನುವುದು ಇದಕ್ಕಿಂತ ಮುಖ್ಯ.

ಗೇಜ್ ಜಾಸ್ತಿ ತೋರಿಸಿದರೆ ಬ್ಯಾಗ್ ಕಟ್ಟಿಕೊಂಡಿದೆ. ಬ್ಯಾಗ್‌ಗಳ ಧೂಳು ಉದುರಿಸಲು ಬಿಟ್ಟುಬಿಟ್ಟು ಹೊಡೆಯುವ ಪಲ್ಸ್ ಗಾಳಿಯ ಒತ್ತಡ ನೋಡಿ, ಅದರ ವಾಲ್ವುಗಳು ಸರದಿಯಲ್ಲಿ "ಠಪ್ ಠಪ್" ಅನ್ನುತ್ತಿವೆಯೇ ಎಂದು ಕೇಳಿ. ಗೇಜ್ ದಿಢೀರನೆ ಇಳಿದಿದ್ದರೆ ಬ್ಯಾಗ್ ಹರಿದಿರಬಹುದು ಅಥವಾ ಕಳಚಿರಬಹುದು. ಫ್ಯಾನಿನ ಚಿಮಣಿಯಿಂದ ಧೂಳು ಹೊರಬರುತ್ತಿದ್ದರೆ ಅನುಮಾನವೇ ಬೇಡ. ಸೊನ್ನೆ ತೋರಿಸಿದರೆ ಗೇಜಿಗೆ ಹೋಗುವ ಸಣ್ಣ ಪೈಪ್ ಮುಚ್ಚಿಕೊಂಡಿರುತ್ತದೆ. ವರ್ಷಗಟ್ಟಲೆ ಒಂದೇ ಅಂಕಿ ತೋರಿಸುವ ಗೇಜುಗಳೂ ಇವೆ. ಅವನ್ನು ಲಾಗ್ ಪುಸ್ತಕದಲ್ಲಿ ತಪ್ಪದೆ ಬರೆದುಕೊಳ್ಳುತ್ತಿರುತ್ತಾರೆ!

ಗೇಜ್ ಸರಿಯಿದ್ದೂ ಎಳೆತ ಇಲ್ಲದಿದ್ದರೆ ತೊಂದರೆ ಡಕ್ಟ್‌ನಲ್ಲಿದೆ. ಫ್ಯಾನ್ ನಿಲ್ಲಿಸಿ, ಡಕ್ಟ್ ಉದ್ದಕ್ಕೂ ಬೆರಳ ಗೆಣ್ಣಿನಿಂದ ತಟ್ಟಿ. ಖಾಲಿ ಡಕ್ಟ್ ಗಣಗಣ ಅನ್ನುತ್ತದೆ. ಧೂಳು ತುಂಬಿದ ಜಾಗ ಮಂಕಾಗಿ "ಧೊಪ್" ಅನ್ನುತ್ತದೆ. ಹಾಗೆ ಕೂತ ಧೂಳು ಎಂದರೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಬೆಂಕಿ ಒಯ್ಯಲು ತಯಾರಾದ ಬತ್ತಿ. ಒಣ ಧೂಳು ಡಕ್ಟ್‌ನಲ್ಲಿ ಕೂರದೆ ಸಾಗಬೇಕಾದರೆ ಗಾಳಿ ಸಾಮಾನ್ಯವಾಗಿ ಸೆಕೆಂಡಿಗೆ 18ರಿಂದ 20 ಮೀಟರ್ ಓಡಬೇಕು, ಭಾರದ ಧೂಳಿಗೆ ಇನ್ನೂ ಜಾಸ್ತಿ. ಹೊಸ ಯಂತ್ರ ಬಂದಾಗ ಹಳೇ ಡಕ್ಟಿಗೇ ಒಂದು ಕೊಂಬೆ ಸೇರಿಸುವುದು, ಯಾರೋ ತಮ್ಮ ಹುಡ್‌ಗೆ ಗಾಳಿ ಬೇಕೆಂದು ಡ್ಯಾಂಪರ್ (ಡಕ್ಟ್ ಒಳಗೆ ಗಾಳಿ ಹೆಚ್ಚುಕಡಿಮೆ ಮಾಡುವ ತಗಡು) ತಿರುಗಿಸುವುದು, ಇವೇ ಮುಕ್ಕಾಲು ಪಾಲು ಕಾರಣ. ಡ್ಯಾಂಪರ್‌ಗಳನ್ನು ಮೂಲ ಜಾಗಕ್ಕೆ ತಂದು ಗುರುತು ಹಾಕಿ ಬಿಗಿ ಮಾಡಿ. ಆದರೂ ಸರಿಯಾಗದಿದ್ದರೆ ಅಲ್ಲಿಗೆ ನಿಲ್ಲಿಸಿ. ಗಾಳಿಯ ವೇಗ ಅಳೆದು ಲೆಕ್ಕ ಹಾಕುವವರನ್ನು ಕರೆಸಬೇಕು.

ಕಲೆಕ್ಟರ್ ಕೆಳಗಿನ ಹಾಪರನ್ನೂ ಮರೆಯಬೇಡಿ. ಅದು ಧೂಳು ಇಳಿದು ಹೋಗುವ ದಾರಿ, ಗೋದಾಮು ಅಲ್ಲ.

ಲಕ್ಷಣ: ಬೇರಿಂಗ್ ಬಿಸಿ, ಕೀರಲು ಸದ್ದು, ಬೆಲ್ಟ್ ಒಂದು ಕಡೆ ಉಜ್ಜುತ್ತಿದೆ

ಕಿಡಿ ಅಂದರೆ ಎಲ್ಲರೂ ಕರೆಂಟ್ ಕಡೆ ನೋಡುತ್ತಾರೆ. ಉಜ್ಜುವ ಕಬ್ಬಿಣದ ಕಡೆ ನೋಡುವವರು ಕಡಿಮೆ.

ಗಾರ್ಡಿನ ಹೊರಗೆ ನಿಂತು ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಬೇರಿಂಗ್ ಮನೆಯನ್ನು ಅಳೆಯಿರಿ. ಹೊಳೆಯುವ ಲೋಹದ ಮೇಲೆ ಅದು ಕಡಿಮೆ ತೋರಿಸಿ ಮೋಸ ಮಾಡುತ್ತದೆ, ಒಂದು ಚೂರು ಮಂಕಾದ ಕಪ್ಪು ಬಣ್ಣ ಬಳಿದಿಟ್ಟರೆ ನಂಬಬಹುದು. ಒಂದು ದಿನದ ಅಂಕಿಯಿಂದ ಏನೂ ತಿಳಿಯದು. ಅದೇ ಶಾಫ್ಟಿನ ಇನ್ನೊಂದು ತುದಿಯ ಬೇರಿಂಗ್ ಎಷ್ಟಿದೆ, ಹೋದ ವಾರ ಇದು ಎಷ್ಟಿತ್ತು ಅಂತ ಹೋಲಿಸಿ. ಒಂದೇ ಮೇಲೆ ಹೋಗುತ್ತಿದ್ದರೆ ಅದು ಸಾಯುತ್ತಿದೆ.

ಬಿಸಿ ಅಂದ ಕೂಡಲೇ ಗ್ರೀಸ್ ಗನ್ ಹಿಡಿದು ಓಡಬೇಡಿ. ಗ್ರೀಸ್ ಜಾಸ್ತಿಯಾದರೂ ಬೇರಿಂಗ್ ಬಿಸಿಯಾಗುತ್ತದೆ. ಸೀಲ್ ಒಡೆದು ಹೊರಗೆ ಬಂದ ಗ್ರೀಸಿಗೆ ಧೂಳು ಅಂಟಿ ಕಂಬಳಿ ಹೊದಿಸಿದ ಹಾಗಾಗುತ್ತದೆ, ಬಿಸಿ ಹೊರಗೆ ಹೋಗುವುದೇ ಇಲ್ಲ. ಮೊದಲು ಒರೆಸಿ, ಆಮೇಲೆ ತಯಾರಕರು ಹೇಳಿದ ಅಳತೆಯಷ್ಟೇ ಹಾಕಿ, ಮತ್ತೆ ಅಳೆಯಿರಿ.

ಎಷ್ಟು ಬಿಸಿ ಅಂದರೆ ಜಾಸ್ತಿ? ಉಪಕರಣದ ಹೊರಮೈಗೆ ಎರಡು ಲೆಕ್ಕ ಇದೆ. 5 ಮಿಲಿಮೀಟರ್ ಪದರ ಹೊತ್ತಿಕೊಳ್ಳುವ ಉಷ್ಣತೆಯಿಂದ 75 ಡಿಗ್ರಿ ಕಳೆಯಿರಿ. ಮೋಡ ಹೊತ್ತಿಕೊಳ್ಳುವ ಉಷ್ಣತೆಯ ಮೂರರಲ್ಲಿ ಎರಡು ಪಾಲು ತೆಗೆದುಕೊಳ್ಳಿ. ಎರಡರಲ್ಲಿ ಕಡಿಮೆ ಇರುವುದೇ ಮಿತಿ. ಉದಾಹರಣೆಗೆ ಪದರಕ್ಕೆ 300, ಮೋಡಕ್ಕೆ 420 ಡಿಗ್ರಿ ಇದ್ದರೆ 225 ಮತ್ತು 280 ಬರುತ್ತದೆ, ಮಿತಿ 225 ಡಿಗ್ರಿ. ಪದರ 5 ಮಿಲಿಮೀಟರ್‌ಗಿಂತ ದಪ್ಪ ಇದ್ದರೆ ಈ ಲೆಕ್ಕ ನಡೆಯದು, ಇನ್ನೂ ಕಡಿಮೆ ಬಿಸಿಗೇ ಹೊತ್ತಿಕೊಳ್ಳುತ್ತದೆ. ಆದರೆ ಬೇರಿಂಗ್ ಅಷ್ಟಕ್ಕೆ ಬರುವವರೆಗೆ ಕಾಯುವ ಮಾತೇ ಇಲ್ಲ. ಅದು ಮಾಮೂಲಿ ಮಟ್ಟ ಬಿಟ್ಟು ಏರಿದಾಗಲೇ ನಿಲ್ಲಿಸಬೇಕು.

ಬಕೆಟ್ ಎಲಿವೇಟರ್‌ಗೆ ಪ್ರತ್ಯೇಕ ಗಮನ ಬೇಕು. ಒಳಗೆ ಸದಾ ಧೂಳಿನ ಮೋಡ, ಉದ್ದನೆ ಕೊಳವೆ, ಓಡುವ ಬೆಲ್ಟ್. ಬೆಲ್ಟ್ ಸಡಿಲಾದರೆ ಪುಲ್ಲಿ ತಿರುಗುತ್ತದೆ, ಬೆಲ್ಟ್ ನಿಂತಿರುತ್ತದೆ. ರಬ್ಬರ್ ಸುಡಲು ಹೆಚ್ಚು ಹೊತ್ತು ಬೇಡ. ಧಾನ್ಯದ ಎಲಿವೇಟರ್‌ಗಳಿಗೆ ಅಮೆರಿಕದಲ್ಲಿರುವ ನಿಯಮದ ಪ್ರಕಾರ ಬೆಲ್ಟ್ ವೇಗ ಶೇಕಡ 20 ಇಳಿಯುವಷ್ಟರಲ್ಲಿ ಯಂತ್ರ ತಾನೇ ನಿಲ್ಲಬೇಕು. ಬೇರೆ ಪುಡಿಗೂ ಅದು ಒಳ್ಳೆಯ ಅಳತೆಯೇ. ನಿಮ್ಮ ಸ್ಪೀಡ್ ಸ್ವಿಚ್ ಕೆಲಸ ಮಾಡುತ್ತದೆಯೇ, ಅಥವಾ "ಪದೇ ಪದೇ ಟ್ರಿಪ್ ಆಗುತ್ತೆ" ಅಂತ ಯಾರಾದರೂ ಬೈಪಾಸ್ ಮಾಡಿದ್ದಾರೆಯೇ? ಪ್ಯಾನೆಲ್ ತೆರೆದು ವೈರ್ ನೋಡಿ. ಟ್ರಿಪ್ ಆಗುವುದು ಸ್ವಿಚ್ಚಿನ ದೋಷ ಅಲ್ಲ, ಬೆಲ್ಟಿನ ದೂರು.

ಪ್ಯಾನೆಲ್ ತೆರೆದಾಗ ಒಳಗೆ ಧೂಳು ಕಂಡರೆ ಅದೂ ಒಂದು ದೋಷ. ಕೇಬಲ್ ಗ್ಲ್ಯಾಂಡ್ (ಕೇಬಲ್ ಒಳಬರುವ ತೂತಿನ ಬಿಗಿತ) ಹೋಗಿದೆ ಅಥವಾ ಬಾಗಿಲಿನ ಸೀಲ್ ಹೋಗಿದೆ ಅಂತ ಅರ್ಥ.

ಲಕ್ಷಣ: ಪೈಪಿನಲ್ಲಿ ಅಥವಾ ಮಿಲ್‌ನಲ್ಲಿ ಖಟಖಟ ಸದ್ದು

ಬೋಲ್ಟ್, ನಟ್, ಕಳಚಿದ ಬಕೆಟ್ ಚೂರು ಪುಡಿಯ ಜೊತೆ ಹೋಗುತ್ತಿದೆ. ಕೂಡಲೇ ನಿಲ್ಲಿಸಿ. ಮಿಲ್‌ಗೆ ಮುಂಚೆ ಇರುವ ಅಯಸ್ಕಾಂತ ತೆಗೆದು ನೋಡಿ. ಅದರ ತುಂಬ ಕಬ್ಬಿಣ ಅಂಟಿದ್ದರೆ ಇನ್ನು ಹಿಡಿಯುವ ಶಕ್ತಿ ಅದಕ್ಕಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಚೂರನ್ನಂತೂ ಅಯಸ್ಕಾಂತ ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೆ ಜರಡಿಯೇ ಬೇಕು. ಸಿಕ್ಕ ಚೂರು ಎಲ್ಲಿಂದ ಬಂತು ಅಂತ ಗೊತ್ತಾಗುವವರೆಗೆ ಮತ್ತೆ ಚಾಲೂ ಮಾಡಬೇಡಿ.

ಲಕ್ಷಣ: ಡ್ರಮ್ಮು, ಹಾಪರ್, ಹೋಸ್ ಮುಟ್ಟಿದರೆ ಚುರುಕ್ ಅನ್ನುತ್ತದೆ

"ಸುಮ್ನೆ ಸ್ಟ್ಯಾಟಿಕ್, ಏನೂ ಆಗಲ್ಲ" ಅನ್ನುವ ಮಾತು ಇಲ್ಲಿ ಬಹಳ ಕೇಳುತ್ತೇವೆ. ಲೆಕ್ಕ ನೋಡಿ. ಚೆನ್ನಾಗಿ ಚಾರ್ಜ್ ಆದ ಮನುಷ್ಯನ ಮೈಯಿಂದ ಹಾರುವ ಕಿಡಿಯಲ್ಲಿ 10ರಿಂದ 30 ಮಿಲಿಜೂಲ್ ಶಕ್ತಿ ಇರಬಹುದು. ಅದಕ್ಕಿಂತ ಕಡಿಮೆ ಶಕ್ತಿಗೆ ಹೊತ್ತಿಕೊಳ್ಳುವ ನುಣ್ಣನೆಯ ಪುಡಿಗಳು ಎಷ್ಟೋ ಇವೆ. ಅರ್ಥ್ ಇಲ್ಲದ ದೊಡ್ಡ ಲೋಹದ ಪಾತ್ರೆಯ ಕಿಡಿ ಇದಕ್ಕಿಂತ ಬಲವಾಗಿರುತ್ತದೆ.

ಪುಡಿ ಪೈಪಿನಲ್ಲಿ ಜಾರುವಾಗ ಚಾರ್ಜ್ ಹುಟ್ಟುವುದನ್ನು ತಪ್ಪಿಸಲಾಗದು. ಅದು ಹರಿದು ಭೂಮಿಗೆ ಹೋಗಲು ದಾರಿ ಇದೆಯೇ ಅನ್ನುವುದೇ ಪ್ರಶ್ನೆ. ಶಾಕ್ ಹೊಡೆಯಿತು ಅಂದರೆ ಎಲ್ಲೋ ದಾರಿ ಕಡಿದಿದೆ.

ಕಣ್ಣಿನಿಂದ ಶುರು ಮಾಡಿ. ಡ್ರಮ್ಮಿಗೆ ಹಾಕುವ ಅರ್ಥಿಂಗ್ ಕ್ಲಿಪ್ ನಿಜವಾಗಿ ಲೋಹವನ್ನು ಕಚ್ಚಿದೆಯೇ, ಬಣ್ಣದ ಮೇಲೆ ಕೂತಿದೆಯೇ? ಪೈಪ್ ತುದಿಗಳನ್ನು ಜೋಡಿಸುವ ಫ್ಲಾಂಜ್‌ಗಳ ನಡುವೆ ಇದ್ದ ತಾಮ್ರದ ಪಟ್ಟಿ ಇದೆಯೇ, ಹೋದ ಸಲ ಬಿಚ್ಚಿದವರು ವಾಪಸ್ ಹಾಕಲಿಲ್ಲವೇ? ಸುರುಳಿ ತಂತಿ ಇರುವ ಹೋಸ್ ಆದರೆ ಆ ತಂತಿ ಎರಡೂ ತುದಿಯಲ್ಲಿ ಲೋಹಕ್ಕೆ ಸೇರಿರಬೇಕು. ಹೋಸ್ ಕತ್ತರಿಸಿ ಗಿಡ್ಡ ಮಾಡಿದಾಗ ಇದು ತಪ್ಪಿಹೋಗುತ್ತದೆ. ಸ್ಲೀವ್ ಬಿಗಿಯುವ ಲೋಹದ ಪಟ್ಟಿ ರಬ್ಬರ್ ಮೇಲೆ ಒಂಟಿಯಾಗಿ ಕೂತಿದ್ದರೆ ಅದೂ ಚಾರ್ಜ್ ಹಿಡಿಯುತ್ತದೆ. ಬ್ಯಾಗ್ ಫಿಲ್ಟರ್ ಒಳಗಿನ ತಂತಿ ಪಂಜರ ಕೂಡ ಹಾಗೆಯೇ.

ಆಮೇಲೆ ಅಳತೆ. ಯಂತ್ರ ನಿಂತು, ಧೂಳು ತೆಗೆದ ಮೇಲೆ ಮಾತ್ರ ಮೀಟರ್ ಹಿಡಿಯಬೇಕು. ಲೋಹದಿಂದ ಲೋಹಕ್ಕೆ, ಅರ್ಥ್‌ವರೆಗೆ 10 ಓಮ್ ಒಳಗೆ ಇರಬೇಕು. ಜಾಸ್ತಿ ಬಂದರೆ ಸಡಿಲ ಅಥವಾ ತುಕ್ಕು ಹಿಡಿದ ಜೋಡಣೆ ಇದೆ. ಒಂದೊಂದೇ ತುಂಡು ಅಳೆಯುತ್ತಾ ಹೋದರೆ ಅಂಕಿ ಎಲ್ಲಿ ಹಾರುತ್ತದೋ ಅಲ್ಲೇ ದೋಷ.

ಪುಡಿ ತುಂಬುವ ದೊಡ್ಡ ಜಂಬೋ ಚೀಲಗಳ ಲೇಬಲ್ ಓದಿ. ಟೈಪ್ ಎ ಚೀಲಕ್ಕೆ ಯಾವ ರಕ್ಷಣೆಯೂ ಇಲ್ಲ. ಟೈಪ್ ಸಿ ಚೀಲವನ್ನು ತುಂಬುವಾಗ, ಖಾಲಿ ಮಾಡುವಾಗ ಅರ್ಥ್ ಮಾಡಲೇಬೇಕು. ಅರ್ಥ್ ಮಾಡದ ಟೈಪ್ ಸಿ ಚೀಲ ಟೈಪ್ ಎ ಗಿಂತಲೂ ಕೆಟ್ಟದ್ದು, ಯಾಕೆಂದರೆ ಅದರ ವಾಹಕ ನೂಲುಗಳಲ್ಲಿ ಸೇರಿದ ಚಾರ್ಜ್ ಒಂದೇ ಏಟಿಗೆ ಹಾರುತ್ತದೆ. ಮನುಷ್ಯರಿಗೂ ಅರ್ಥ್ ಬೇಕು. 30 ಮಿಲಿಜೂಲ್‌ಗಿಂತ ಕಡಿಮೆಗೆ ಹೊತ್ತಿಕೊಳ್ಳುವ ಪುಡಿಯಾದರೆ ಸ್ಟ್ಯಾಟಿಕ್ ಹರಿಯಬಿಡುವ ಶೂ, ಅದಕ್ಕೆ ತಕ್ಕ ನೆಲ ಎರಡೂ ಇರಬೇಕು. ಶೂ ಒಳ್ಳೆಯದಿದ್ದು ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಏನು ಬಂತು?

ಒಂದು ಸಂದರ್ಭದಲ್ಲಿ ಮಾತ್ರ ಯಾವ ತಪಾಸಣೆಗೂ ಇಳಿಯದೆ ನಿಲ್ಲಿಸಿ: ಹೊತ್ತಿಕೊಳ್ಳುವ ದ್ರಾವಕ ಇರುವ ಪಾತ್ರೆಗೆ ಪ್ಲಾಸ್ಟಿಕ್ ಚೀಲದಿಂದ ಪುಡಿ ಸುರಿಯುತ್ತಿದ್ದರೆ. ದ್ರಾವಕದ ಆವಿಗೆ ಒಂದು ಮಿಲಿಜೂಲ್‌ಗಿಂತ ಕಡಿಮೆ ಕಿಡಿಯೂ ಸಾಕು. ಈ ಕೆಲಸದ ವಿಧಾನವನ್ನೇ ತಜ್ಞರು ಬದಲಿಸಿ ಕೊಡಬೇಕು.

ಲಕ್ಷಣ: ಸುಟ್ಟ ವಾಸನೆ, ಪುಡಿಯಲ್ಲಿ ಕಪ್ಪು ಅಥವಾ ಕಂದು ಗಂಟು

ಜರಡಿಯಲ್ಲಿ ಕರಕಲು ಗಂಟು ಸಿಕ್ಕರೆ, ಮೇಲಿನ ಯಂತ್ರದಲ್ಲಿ ಎಲ್ಲೋ ಪುಡಿ ಒಳಗೊಳಗೇ ಕಮರುತ್ತಿದೆ. ಡ್ರೈಯರ್ ಗೋಡೆಗೆ ಅಂಟಿದ ದಪ್ಪ ಪದರ, ಸೈಲೋ ಮೂಲೆಯಲ್ಲಿ ತಿಂಗಳಿಂದ ಕದಲದ ಪುಡಿ, ಇಂಥ ಕಡೆ ಬಿಸಿ ತಾನೇ ಹುಟ್ಟಿ ಹೊರಗೆ ಹೋಗಲಾರದೆ ಏರುತ್ತದೆ. ಇಂಥ ಕೆಂಡದ ಗಂಟು ಕಳಚಿ ಬ್ಯಾಗ್ ಫಿಲ್ಟರ್‌ಗೆ ಹೋದರೆ ಅಲ್ಲಿ ಮೋಡ ಕಾಯುತ್ತಿರುತ್ತದೆ. ಕಾರ್ಬನ್ ಮಾನಾಕ್ಸೈಡ್ ಮೀಟರ್ ಅಳವಡಿಸಿದ್ದರೆ ಮೂಗಿಗೆ ಮುಂಚೆ ಅದಕ್ಕೆ ಗೊತ್ತಾಗುತ್ತದೆ.

ಇಲ್ಲಿ ನೀವು ಮಾಡಬೇಕಾದ್ದು ಸ್ವಲ್ಪ, ಮಾಡಬಾರದ್ದು ಜಾಸ್ತಿ. ದೂರದ ಸ್ವಿಚ್‌ನಿಂದ ಪುಡಿ ಹಾಕುವುದು, ಫ್ಯಾನ್, ಪಲ್ಸ್ ಗಾಳಿ ಎಲ್ಲ ನಿಲ್ಲಿಸಿ. ಜನರನ್ನು ಹೊರಗೆ ಕಳಿಸಿ. ಸ್ಫೋಟದ ಗಾಳಿ ಹೊರಬರುವ ವೆಂಟ್ ಎದುರು ಯಾರೂ ನಿಲ್ಲಬಾರದು. ಅಗ್ನಿಶಾಮಕ ದಳವನ್ನು ಕರೆಯಿರಿ, ಒಳಗಿರುವುದು ಯಾವ ಪುಡಿ ಅಂತ ಮೊದಲ ಮಾತಿನಲ್ಲೇ ಹೇಳಿ.

ಬಾಗಿಲು ತೆರೆಯಬೇಡಿ. ಹೊಸ ಗಾಳಿ ಒಳಗೆ ಹೋಗುತ್ತದೆ, ಗೋಡೆಯ ಪುಡಿ ಕುಸಿದು ಮೋಡ ಏಳುತ್ತದೆ, ಕೆಂಡ ಮೊದಲೇ ಅಲ್ಲಿದೆ. ಎಲ್ಲವೂ ನಿಮ್ಮ ಮುಖದ ಮುಂದೆ ಸೇರುತ್ತವೆ. ಜೋರು ನೀರಿನ ಧಾರೆಯೂ ಪುಡಿಯನ್ನು ಎಬ್ಬಿಸುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರನ್ನು ರಭಸದಿಂದ ಒಳಗೆ ಬಿಟ್ಟರೆ ಅದೇ ಸ್ಟ್ಯಾಟಿಕ್ ಹುಟ್ಟಿಸುತ್ತದೆ. ಸೈಲೋದೊಳಗೆ ನೈಟ್ರೋಜನ್ ಬಿಟ್ಟು ಆರಿಸುವುದು ಅದನ್ನು ಬಲ್ಲವರ ಕೆಲಸ. ಮೇಲೆ ಹತ್ತಿ ಬಗ್ಗಿ ನೋಡುವ ಹುಮ್ಮಸ್ಸು ಕೂಡ ಬೇಡ, ಕಮರುವ ಪುಡಿಯಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ.

ಲೋಹದ ಪುಡಿಯಾದರೆ ಈ ಮಾತು ಬೇರೆ

ಅಲ್ಯೂಮಿನಿಯಂ, ಮೆಗ್ನೀಸಿಯಂ ಪುಡಿಗೆ ನೀರು ತಾಗಿದರೆ ಹೈಡ್ರೋಜನ್ ಹುಟ್ಟುತ್ತದೆ, ಬಿಸಿಯೂ ಹುಟ್ಟುತ್ತದೆ. ಚೀನಾದ ಕುನ್‌ಶಾನ್‌ನಲ್ಲಿ 2014ರ ಆಗಸ್ಟ್ 2ರಂದು ಅಲ್ಯೂಮಿನಿಯಂ ಚಕ್ರಗಳಿಗೆ ಪಾಲಿಶ್ ಹಾಕುವ ಕಾರ್ಖಾನೆ ಸಿಡಿದು ಅಂದೇ 75 ಜನ ಸತ್ತರು. ಆಮೇಲೆ ಸಾವು 146ಕ್ಕೆ ಏರಿತು. ಧೂಳು ಸಂಗ್ರಹಿಸುವ ಡಬ್ಬದಲ್ಲಿ ತೇವ ಸೇರಿ ಪುಡಿ ತಾನೇ ಬಿಸಿಯಾದದ್ದು ಮೂಲ ಎಂದು ತನಿಖೆ ಹೇಳಿತು.

ಹಾಗಾಗಿ ಲೋಹದ ಡಸ್ಟ್ ಕಲೆಕ್ಟರ್‌ನಲ್ಲಿ ಹನಿ ನೀರಿನ ಗುರುತು, ತುಕ್ಕಿನ ಗೆರೆ, ಗಟ್ಟಿಯಾದ ಒದ್ದೆ ಗಂಟು ಕಂಡರೆ ಅದೇ ದೊಡ್ಡ ಲಕ್ಷಣ. ಪಲ್ಸ್ ಗಾಳಿಯ ಡ್ರೈಯರ್ ಕೆಟ್ಟು ನೀರು ಬರುತ್ತಿದೆಯೇ, ಛಾವಣಿ ಸೋರುತ್ತಿದೆಯೇ ನೋಡಿ. ಬೆಂಕಿ ಬಿದ್ದರೆ ನೀರು, ಫೋಮ್, ಕಾರ್ಬನ್ ಡೈಆಕ್ಸೈಡ್ ಯಾವುದೂ ಬೇಡ. ಲೋಹದ ಬೆಂಕಿಗೆಂದೇ ಇರುವ ಪುಡಿ ಅಥವಾ ಪೂರ್ತಿ ಒಣಗಿದ ಮರಳನ್ನು ಸಲಿಕೆಯಲ್ಲಿ ಮೆಲ್ಲಗೆ ಸುತ್ತಲೂ ಹಾಕಬೇಕು. ಕಬ್ಬಿಣ ಉಜ್ಜುವ ಗ್ರೈಂಡರನ್ನೂ ಅಲ್ಯೂಮಿನಿಯಂ ಗ್ರೈಂಡರನ್ನೂ ಒಂದೇ ಕಲೆಕ್ಟರ್‌ಗೆ ಜೋಡಿಸಿದ್ದರೆ ಇಂದೇ ಬೇರ್ಪಡಿಸಿ. ಒಂದರ ಕಿಡಿ, ಇನ್ನೊಂದರ ಪುಡಿ.

ಲಕ್ಷಣ: ವೆಂಟ್ ಪ್ಯಾನೆಲ್ ಬಗ್ಗಿದೆ, ತುಕ್ಕು ಹಿಡಿದಿದೆ, ಅಥವಾ ಎದುರಿಗೆ ಸಾಮಾನಿದೆ

ಸ್ಫೋಟದ ವೆಂಟ್ ಎಂದರೆ ಬೇಕೆಂದೇ ದುರ್ಬಲ ಮಾಡಿದ ಗೋಡೆ. ಸಾಮಾನ್ಯವಾಗಿ 0.1 ಬಾರ್ ಒತ್ತಡಕ್ಕೆ ಬಿರಿದು ಬೆಂಕಿಯನ್ನು ಹೊರಗೆ ಬಿಡುತ್ತದೆ. ಗಾಳಿಗೆ ಅಲ್ಲಾಡುತ್ತದೆ ಅಂತ ಅದಕ್ಕೆ ಇನ್ನೂ ನಾಲ್ಕು ಬೋಲ್ಟ್ ಹಾಕಿದ್ದನ್ನು, ಮಳೆ ಬರುತ್ತದೆ ಅಂತ ತಗಡು ಹೊಡೆದದ್ದನ್ನು ನೋಡಿದ್ದೇನೆ. ಹಾಕಿದವರು ಒಳ್ಳೆ ಮನಸ್ಸಿನಿಂದಲೇ ಹಾಕಿದ್ದರು. ಪ್ಯಾನೆಲ್ ಬಗ್ಗಿದ್ದರೆ ಅಥವಾ ಅಂಚಿನಲ್ಲಿ ಬಿರುಕಿದ್ದರೆ ತಯಾರಕರಿಂದಲೇ ಬದಲಿಸಬೇಕು. ಅಳತೆ ಹೊಂದುವ ತಗಡು ಕತ್ತರಿಸಿ ಹಾಕುವ ಕೆಲಸ ಅಲ್ಲ ಇದು.

ವೆಂಟ್ ಕಟ್ಟಡದ ಒಳಕ್ಕೆ ತೆರೆದಿದ್ದರೆ, ಅಥವಾ ಜನ ಓಡಾಡುವ ದಾರಿಗೆ ಮುಖ ಮಾಡಿದ್ದರೆ ಯಂತ್ರ ನಿಲ್ಲಿಸಿ ವಿನ್ಯಾಸ ಮಾಡಿದವರನ್ನು ಕರೆಸಿ. ಬೆಂಕಿ ಹಿಂದಕ್ಕೆ ನುಗ್ಗದಂತೆ ಡಕ್ಟ್‌ನಲ್ಲಿರುವ ತಡೆ ಫ್ಲ್ಯಾಪ್ ಕೆಳಗೆ ಧೂಳು ತುಂಬಿದ್ದರೆ ಅದು ಬೇಕಾದಾಗ ಮುಚ್ಚುವುದಿಲ್ಲ. ಕೈಯಲ್ಲಿ ಎತ್ತಿ ಬಿಟ್ಟು ನೋಡಿ, ತಾನಾಗಿ ಪೂರ್ತಿ ಕೂರಬೇಕು. ತಿರುಗುತ್ತಾ ಪುಡಿಯನ್ನು ಕೆಳಗೆ ಬಿಡುವ ರೋಟರಿ ವಾಲ್ವಿನ ರೆಕ್ಕೆ ಸವೆದು ಸಂದು ದೊಡ್ಡದಾಗಿದ್ದರೆ ಜ್ವಾಲೆ ಅದರ ಮೂಲಕ ನುಗ್ಗುತ್ತದೆ. ಸ್ಫೋಟವಾದಾಗ ವಾಲ್ವ್ ತಾನೇ ನಿಲ್ಲುವಂತೆ ಜೋಡಣೆ ಇದೆಯೇ ಅಂತಲೂ ಕೇಳಿ. ಇಲ್ಲದಿದ್ದರೆ ಕೆಂಡವನ್ನು ಅದೇ ಮುಂದಿನ ಯಂತ್ರಕ್ಕೆ ಬಡಿಸುತ್ತದೆ.

"ಧಬ್ ಅಂತು, ಆದರೆ ಏನೂ ಆಗಲಿಲ್ಲ"

ಇದು ಅತಿ ಗಂಭೀರ ಲಕ್ಷಣ. ಐದೂ ಸಂಗತಿ ಒಮ್ಮೆ ಸೇರಿದವು, ಧೂಳಿನ ಪ್ರಮಾಣ ಮಾತ್ರ ಕಡಿಮೆ ಬಿತ್ತು ಅಂತ ಅರ್ಥ. ಸ್ವಿಚ್ ಒತ್ತಿ ಮತ್ತೆ ಓಡಿಸಬೇಡಿ. ಬೆಂಕಿ ಪೂರ್ತಿ ಆರಿದೆ ಅಂತ ಅಗ್ನಿಶಾಮಕದವರು ಹೇಳಿದ ಮೇಲೂ ಬೀಗ ತೆಗೆಯಬೇಡಿ. ಸುಟ್ಟ ಪುಡಿಯ ಮಾದರಿ, ಆ ಹೊತ್ತಿನ ಡಿಪಿ ಅಂಕಿ, ಬೇರಿಂಗ್ ಲಾಗ್, ಮೋಟಾರಿನ ಕರೆಂಟ್ ದಾಖಲೆ ಇವನ್ನೆಲ್ಲ ಹಾಗೇ ಎತ್ತಿಡಿ. ಶುಚಿ ಮಾಡುವ ಮುಂಚೆ ಫೋಟೋ ತೆಗೆಯಿರಿ. ಧೂಳು ಸ್ಫೋಟದ ಅಪಾಯ ವಿಶ್ಲೇಷಣೆ ಮಾಡುವ ಎಂಜಿನಿಯರ್ ಬಂದು, ಕಿಡಿ ಎಲ್ಲಿ ಹುಟ್ಟಿತು ಅಂತ ಬೆರಳಿಟ್ಟು ತೋರಿಸಿದ ಮೇಲೆ ಆ ಭಾಗ ಬದಲಿಸಿ, ಸುತ್ತಲಿನ ತೊಲೆಗಳನ್ನು ವ್ಯಾಕ್ಯೂಮ್ ಮಾಡಿ, ಆಮೇಲೆ ಖಾಲಿ ಯಂತ್ರವನ್ನು ಒಂದು ಶಿಫ್ಟ್ ಓಡಿಸಿ ಬೇರಿಂಗ್‌ಗಳನ್ನು ಮತ್ತೆ ಅಳೆಯಿರಿ.